ಉತ್ಸವಮೂರ್ತಿ: ಸ್ವಭಾಷಾ ಚಿತ್ರೋತ್ಸವಗಳನ್ನು ಕುರಿತು ಒಂದು ವಿಚಾರ

೧

ನಮ್ಮ ದೇವಾಲಯಗಳಲ್ಲಿ ಮೂರ್ತಿಗಳು ಎರಡು ಬಗೆ. ಗರ್ಭಗುಡಿಯಲ್ಲಿ ಅಚಲವಾಗಿ ನಿಂತಿರುವ ಮೂಲಮೂರ್ತಿ ಒಂದು. ಗೊತ್ತಾದ ತಿಥಿಯಂದು ಪಲ್ಲಕ್ಕಿಯನ್ನೋ ರಥವನ್ನೋ ಏರಿ ಬೀದಿಗೆ ಬರುವ ಉತ್ಸವಮೂರ್ತಿ ಇನ್ನೊಂದು. ಮೂಲಮೂರ್ತಿಯ ಬಳಿಗೆ ಭಕ್ತನು ಹೋಗಬೇಕು. ಉತ್ಸವಮೂರ್ತಿಯಾದರೋ ತಾನೇ ಭಕ್ತನ ಬಾಗಿಲಿಗೆ ಬರುತ್ತದೆ. ಮೆಟ್ಟಲು ಹತ್ತಲಾರದ ವೃದ್ಧರೂ ಅಂಗಡಿಯನ್ನು ಬಿಟ್ಟುಬರಲಾರದ ವರ್ತಕರೂ ಆ ಒಂದು ದಿನ ನಿಂತಲ್ಲಿಯೇ ದೇವರನ್ನು ಕಾಣುತ್ತಾರೆ. ಆ ರಥವೂ ಎಲ್ಲ ಕೇರಿಗಳಿಗೂ ಹೋಗುತ್ತಿರಲಿಲ್ಲ, ಚೋಮನಂಥವನ ಕೇರಿಗೆ ಅದು ಹೋಗಲೇ ಇಲ್ಲ ಎಂಬ ಮಾತನ್ನು ಇಲ್ಲಿ ಮರೆಯಲಾಗದು. ಆದರೂ ಉತ್ಸವದ ತತ್ತ್ವ ಸ್ಪಷ್ಟವಾಗಿದೆ: ದಿನ ಗೊತ್ತಾಗಿರಬೇಕು, ಮೂರ್ತಿ ಹೊರಗೆ ಬರಬೇಕು.

‘ಉತ್ಸವ’ವೆಂಬ ಈ ಶಬ್ದವನ್ನು ನಾವು ಚಲನಚಿತ್ರಕ್ಕೆ ಜೋಡಿಸಿ ಬಹುಕಾಲವಾಯಿತು. ಹಾಗೆ ಕರೆಯಿಸಿಕೊಳ್ಳುವ ಸಮಾರಂಭಗಳಲ್ಲಿ ಮೂರ್ತಿ ನಿಜವಾಗಿ ಹೊರಗೆ ಬರುತ್ತಿದೆಯೇ, ಅಥವಾ ಗರ್ಭಗುಡಿಯ ಬಾಗಿಲುವಾಡಕ್ಕೆ ಇನ್ನಷ್ಟು ಬೆಳ್ಳಿಯ ತಗಡನ್ನು ಹೊದಿಸುವುದಷ್ಟೇ ನಡೆಯುತ್ತಿದೆಯೇ ಎಂಬುದನ್ನು ಕೇಳಿಕೊಂಡವರು ಕಡಿಮೆ. ದಿಲ್ಲಿಯಲ್ಲಿ ನೆಲಸಿರುವ ನಮ್ಮಂಥ ಕನ್ನಡಿಗರಿಗೆ ಈ ಪ್ರಶ್ನೆ ಪಾಂಡಿತ್ಯದ ವಿಲಾಸವಲ್ಲ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಓದಲರಿಯರು. ತಂದೆತಾಯಿಗಳ ಬಾಯಿಂದ ಕೇಳುವ ನಾಲ್ಕು ಮಾತುಗಳನ್ನು ಬಿಟ್ಟರೆ ಅವರಿಗೆ ಕನ್ನಡವು ಪೂರ್ಣ ಬಾಳಿನ ಭಾಷೆಯಾಗಿ, ಅಂದರೆ ಜಗಳ, ಪ್ರೀತಿ, ಸಾವು, ನ್ಯಾಯಗಳ ಭಾಷೆಯಾಗಿ, ಕೇಳಿಸುವುದು ಚಿತ್ರಮಂದಿರದಲ್ಲಿ ಮಾತ್ರ. ಒಂದು ಜನಾಂಗವು ತನ್ನ ಭಾಷೆಯ ಚಿತ್ರಗಳಿಗೆ ಉತ್ಸವವನ್ನು ಹೇಗೆ ನಡೆಸಬೇಕು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಹೋಲಿಕೆಗಾಗಿ ಮೊದಲು ದೂರದ ಒಂದು ನಿದರ್ಶನವನ್ನು ತೆಗೆದುಕೊಳ್ಳುತ್ತೇನೆ. ಏಕೆಂದರೆ ನಮ್ಮ ಮನೆಯ ಓರೆಕೋರೆಗಳು ಇನ್ನೊಬ್ಬರ ಮನೆಯನ್ನು ಕಂಡುಬಂದ ಮೇಲೆಯೇ ಕಣ್ಣಿಗೆ ಬೀಳುತ್ತವೆ.

೨

ಆ ನಿದರ್ಶನವು ಫಿಲಿಪೀನ್ಸ್ ದೇಶದ ಮೆಟ್ರೊ ಮನಿಲಾ ಚಲನಚಿತ್ರೋತ್ಸವ. ಫಿಲಿಪಿನೊ ಚಿತ್ರಗಳೆಂದರೆ ದಿಲ್ಲಿಯವರಿಗೆ ಸಂಪೂರ್ಣ ಅಪರಿಚಿತವೇನಲ್ಲ. ದಿವಂಗತ ಅರುಣಾ ವಾಸುದೇವ್ ಅವರು ೧೯೯೯ರಲ್ಲಿ ಇಲ್ಲಿ ಆರಂಭಿಸಿದ, ಈಗ ನಿಂತುಹೋಗಿರುವ, ‘ಸಿನೆಫ್ಯಾನ್’ ಎಂಬ ಏಷ್ಯಾದ ಚಿತ್ರಗಳ ಉತ್ಸವವು ನಮ್ಮಲ್ಲಿ ಎಷ್ಟೋ ಜನರ ಕಣ್ಣನ್ನು ಪೂರ್ವ ದಿಕ್ಕಿಗೆ ತಿರುಗಿಸಿತು. ಆ ದೇಶದ ಚಿತ್ರಗಳಲ್ಲಿ ಈ ಲೇಖಕನ ಆಸಕ್ತಿ ಬೆಳೆದದ್ದೂ ಆ ದಾರಿಯಿಂದಲೇ.

ಮನಿಲಾ ನಗರದ ಮೇಯರ್ ಆಗಿದ್ದ ಆಂಟೋನಿಯೊ ವಿಲ್ಯೇಗಾಸ್ ಅವರು ೧೯೬೬ರಲ್ಲಿ ಒಂದು ವಿಚಿತ್ರ ಪ್ರಯೋಗವನ್ನು ಕೈಗೊಂಡರು. ಅಮೆರಿಕದ ಚಿತ್ರಗಳೇ ತುಂಬಿಕೊಂಡಿದ್ದ ನಗರದ ಪ್ರಮುಖ ಚಿತ್ರಮಂದಿರಗಳಲ್ಲಿ ವರ್ಷದಲ್ಲಿ ಕೆಲವು ದಿನಗಳಾದರೂ ದೇಶೀಯ ಚಿತ್ರಗಳು ಮಾತ್ರವೇ ಪ್ರದರ್ಶಿತವಾಗಬೇಕೆಂದು ಅವರು ಗೊತ್ತುಮಾಡಿದರು. ಅದೇ ಮಾದರಿ ೧೯೭೫ರಲ್ಲಿ ಮಹಾನಗರದ ಉತ್ಸವವಾಗಿ ವಿಸ್ತಾರಗೊಂಡಿತು. ಇಂದು ಆ ಉತ್ಸವ ಪ್ರತಿವರ್ಷವೂ ಕ್ರಿಸ್‌ಮಸ್ ದಿನವಾದ ಡಿಸೆಂಬರ್ ೨೫ರಂದು ಮೊದಲಾಗಿ ಜನವರಿಯ ಮೊದಲ ವಾರದವರೆಗೆ ನಡೆಯುತ್ತದೆ. ಆರಿಸಿದ ಎಂಟು ಅಥವಾ ಹತ್ತು ಫಿಲಿಪಿನೊ ಚಿತ್ರಗಳು ದೇಶದ ಚಿತ್ರಮಂದಿರಗಳನ್ನು ಆಕ್ರಮಿಸುತ್ತವೆ. ಕೆಲವು ವಿಶೇಷ ಬಗೆಯ ತೆರೆಗಳನ್ನು ಬಿಟ್ಟರೆ ವಿದೇಶೀ ಚಿತ್ರಗಳಿಗೆ ಆ ದಿನಗಳಲ್ಲಿ ಎಡೆಯಿಲ್ಲ. ಉತ್ಸವಕ್ಕೆ ಮುನ್ನ ಒಂದೊಂದು ಚಿತ್ರದ ನಟನಟಿಯರೂ ಅಲಂಕರಿಸಿದ ಒಂದೊಂದು ವಾಹನವನ್ನೇರಿ ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತಾರೆ. ಇದನ್ನು ರಥೋತ್ಸವವೆಂದಲ್ಲದೆ ನಾವು ಬೇರೆ ಯಾವ ಹೆಸರಿನಿಂದ ಕರೆಯೋಣ? ಇಷ್ಟನ್ನೂ ನಡೆಸುವ ಸಂಸ್ಥೆ ಕಲಾ ಅಕಾಡೆಮಿಯಲ್ಲ; ಮಹಾನಗರದ ವಾಹನಸಂಚಾರ, ಕಸವಿಲೇವಾರಿ, ಪ್ರವಾಹನಿಯಂತ್ರಣಗಳನ್ನು ನೋಡಿಕೊಳ್ಳುವ ಅಭಿವೃದ್ಧಿ ಪ್ರಾಧಿಕಾರ. ನಮ್ಮ ದಿಲ್ಲಿಯ ಅಂಥದೊಂದು ಪ್ರಾಧಿಕಾರವು ಚಿತ್ರೋತ್ಸವವನ್ನು ನಡೆಸುವುದನ್ನು ವಾಚಕರು ಕಲ್ಪಿಸಿಕೊಂಡರೆ ಈ ಏರ್ಪಾಡಿನ ವೈಚಿತ್ರ್ಯವೂ ಅದರ ಬಲವೂ ಒಟ್ಟಿಗೆ ಮನಸ್ಸಿಗೆ ಬರುತ್ತವೆ. ಚಿತ್ರ ನೋಡುವುದು ಅಲ್ಲಿ ಒಂದು ಪೌರಕಾರ್ಯವಾಗಿದೆ.

ಈ ಏರ್ಪಾಡಿನಿಂದ ಕಲೆಗೆ ಏನು ದೊರಕಿತು ಎಂಬುದು ವಿಮರ್ಶಕನ ಪ್ರಶ್ನೆ. ದೊರಕಿದ್ದು ಸ್ವಲ್ಪವಲ್ಲ. ೧೯೭೬ರ ಉತ್ಸವ ಒಂದರಲ್ಲಿಯೇ ಎಡ್ಡಿ ರೊಮೆರೊ ಅವರ ಐತಿಹಾಸಿಕ ಚಿತ್ರವು ಅತ್ಯುತ್ತಮ ಚಿತ್ರವೆನಿಸಿಕೊಂಡಿತು. ಲೀನೊ ಬ್ರೋಕಾ ಅವರ ‘ಇನ್ಸಿಯಾಂಗ್’ ಸಹ ಅಲ್ಲಿಯೇ ತೆರೆಗೆ ಬಂದಿತು. ಮನಿಲಾದ ತೊಂಡೊ ಎಂಬ ಕೊಳೆಗೇರಿಯಲ್ಲಿ ತಾಯಿಯ ಪ್ರಿಯಕರನಿಂದಲೇ ಕೆಡಿಸಲ್ಪಟ್ಟ ಹುಡುಗಿಯೊಬ್ಬಳ ಸೇಡಿನ ಕಥೆ ಅದು. ಎರಡು ವರ್ಷಗಳ ತರುವಾಯ ಕಾನ್ ಉತ್ಸವದವರು ಆ ಚಿತ್ರವನ್ನು ತೋರಿಸಿದರೆಂಬುದು ಪ್ರಸಿದ್ಧ ಸಂಗತಿ. ಆದರೆ ಕಾನ್‌ಗಿಂತ ಮೊದಲು ಅದು ಮನಿಲಾದ ಹಬ್ಬದ ಜನಜಂಗುಳಿಯ ಮುಂದೆ ನಿಂತಿತ್ತೆಂಬುದು ನಮಗೆ ಅದಕ್ಕಿಂತ ಹೆಚ್ಚು ವಿಚಾರಾರ್ಹ. ೧೯೮೧ರಲ್ಲಿ ಮೈಕ್ ಡಿ ಲಿಯೋನ್ ಅವರ ‘ಕಿಸಾಪ್ಮಾತಾ’, ೧೯೮೨ರಲ್ಲಿ ಇಶ್ಮಾಯೆಲ್ ಬೆರ್ನಾಲ್ ಅವರ ‘ಹಿಮಾಲಾ’ ಅಲ್ಲಿಯ ಶ್ರೇಷ್ಠ ಬಹುಮಾನವನ್ನು ಪಡೆದವು.

‘ಹಿಮಾಲಾ’ ಎಂಬ ಶಬ್ದ ನಮ್ಮ ಕಿವಿಗೆ ಪರ್ವತದ ಹೆಸರಿನಂತೆ ಕೇಳಿಸಿದರೂ ತಗಾಲೊಗ್ ಭಾಷೆಯಲ್ಲಿ ಅದರ ಅರ್ಥ ಪವಾಡವೆಂದು. ಮಳೆಯಿಲ್ಲದೆ ಒಣಗಿದ ಹಳ್ಳಿಯೊಂದರಲ್ಲಿ ಎಲ್ಸಾ ಎಂಬ ಹುಡುಗಿ ತನಗೆ ಮೇರಿಮಾತೆಯ ದರ್ಶನವಾಯಿತೆನ್ನುತ್ತಾಳೆ. ರೋಗಿಗಳು ಬರುತ್ತಾರೆ; ಅವರ ಹಿಂದೆ ಯಾತ್ರಿಕರು, ಅವರ ಹಿಂದೆ ವರ್ತಕರು, ಅವರ ಹಿಂದೆ ಕ್ಯಾಮರಾ ಹಿಡಿದವರು. ಹಳ್ಳಿ ಜಾತ್ರೆಯಾಗುತ್ತದೆ. ಜಾತ್ರೆಯ ಜೊತೆಗೆ ದುಡ್ಡೂ ವ್ಯಭಿಚಾರವೂ ಸಾವೂ ಬರುತ್ತವೆ. ಕೊನೆಗೆ ಎಲ್ಸಾ ನೆರೆದ ಜನಸಮೂಹದ ಎದುರಿನಲ್ಲಿ ಯಾವ ಪವಾಡವೂ ನಡೆದಿಲ್ಲವೆಂದು ಸಾರುತ್ತಾಳೆ. ಗುಂಪಿನೊಳಗಿನಿಂದ ಹಾರಿದ ಗುಂಡು ಅವಳನ್ನು ಕೆಡಹುತ್ತದೆ. ಮುಖ್ಯ ಪಾತ್ರವನ್ನು ವಹಿಸಿದ ನೋರಾ ಔನೋರ್ ಜನಪ್ರಿಯ ಚಿತ್ರಗಳ ತಾರೆಯಾಗಿದ್ದವರು. ಆಕೆಯ ಮುಖವನ್ನು ನೋಡಲು ಬಂದವರು ತಮ್ಮ ಮುಖವನ್ನೇ ನೋಡಿ ಹಿಂದಿರುಗಬೇಕಾಯಿತು. ಮೂರ್ತಿಯನ್ನು ಮೆರೆಸುವ ಜನವೇ ಅದನ್ನು ಮುರಿಯಲೂ ಬಲ್ಲರೆಂಬ ಕಥೆಯನ್ನು, ದೇಶದ ಅತ್ಯಂತ ದೊಡ್ಡ ಧಾರ್ಮಿಕ ಹಬ್ಬದ ದಿನಗಳಲ್ಲಿ, ಹಬ್ಬಕ್ಕೆಂದು ಹೊಸಬಟ್ಟೆಯುಟ್ಟು ಬಂದ ಕುಟುಂಬಗಳಿಗೆ ತೋರಿಸಿದರು, ಜನರೂ ನೋಡಿದರು. ಈ ಚಿತ್ರವನ್ನು ಕೇವಲ ಆಹ್ವಾನಿತರ ಸಭೆಯಲ್ಲಿ ತೋರಿಸಿದ್ದರೆ ಅದರ ಅರ್ಥದಲ್ಲಿ ಅರ್ಧಭಾಗ ಕುಂದುತ್ತಿತ್ತೆಂದು ನನ್ನ ಅಭಿಪ್ರಾಯ. ಉತ್ಸವವು ಇಲ್ಲಿ ಚಿತ್ರಕ್ಕೆ ಹೊರಗಿನ ಅಲಂಕಾರವಾಗಿರಲಿಲ್ಲ. ಅದರ ಅರ್ಥದೊಳಗೆ ಸೇರಿಕೊಂಡಿತ್ತು.

೩

ಆದರೆ ಮನಿಲಾದ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸ್ಪರ್ಧೆಯಿಲ್ಲದ ತೆರೆ ದೊರಕಿದಾಗ ಅದನ್ನು ಒಳ್ಳೆಯ ಚಿತ್ರಗಳೇ ತುಂಬುವುದೆಂಬ ನಿಯಮವೇನೂ ಇಲ್ಲ. ಕಾಲ ಕಳೆದಂತೆ ಅದೇ ಹಾಸ್ಯಗಾರರ ಅದೇ ಮಾಯಾಮಂತ್ರದ ಕಥೆಗಳು, ೧೯೮೪ರಲ್ಲಿ ಮೊದಲಾದ ‘ಶೇಕ್, ರ‍್ಯಾಟಲ್ ಅಂಡ್ ರೋಲ್’ ಎಂಬ ಭೂತಕಥೆಗಳ ಮಾಲೆ, ಇಂಥವು ವರ್ಷವರ್ಷವೂ ಹೊಸ ಸಂಖ್ಯೆಯನ್ನು ಹೊತ್ತು ಬರತೊಡಗಿದವು. ಹಬ್ಬದ ಜನ ಹೇಗೂ ಬರುತ್ತಾರೆ, ಅನ್ಯಚಿತ್ರಗಳು ಹೇಗೂ ಇಲ್ಲ, ಹೀಗಿರುವಲ್ಲಿ ಶ್ರಮಪಡುವವರಾರು? ರಕ್ಷಣೆಯು ಸೋಮಾರಿತನಕ್ಕೆ ಸಾಲ ಕೊಟ್ಟಂತಾಯಿತು. ಬ್ಯಾಂಕಿನಲ್ಲಿ ಕೆಲಸಮಾಡುವ ನನಗೆ ಇಂಥ ಸಾಲದ ಲಕ್ಷಣಗಳು ಗೊತ್ತು. ಸಾಲಗಾರನಿಗೆ ವಾಯಿದೆಯನ್ನು ಪ್ರತಿವರ್ಷವೂ ಮುಂದಕ್ಕೆ ಹಾಕಿಕೊಡುತ್ತ ಹೋದರೆ ಪುಸ್ತಕದಲ್ಲಿ ಲೆಕ್ಕ ಆರೋಗ್ಯವಾಗಿಯೇ ಕಾಣುತ್ತದೆ. ಒಳಗಿನ ಹೂರಣ ಮಾತ್ರ ಬತ್ತುತ್ತಿರುತ್ತದೆ.

೨೦೧೬ರಲ್ಲಿ ಉತ್ಸವದವರು ಈ ರೋಗಕ್ಕೆ ಕಠಿಣವಾದ ಔಷಧವನ್ನು ಕೊಟ್ಟರು. ಆಯ್ಕೆಯಲ್ಲಿ ಗುಣಕ್ಕೇ ಪ್ರಾಧಾನ್ಯ ಕೊಟ್ಟು, ದೊಡ್ಡ ಹಾಸ್ಯಗಾರರ ಚಿತ್ರಗಳನ್ನು ಹೊರಗಿಟ್ಟು, ಎಂಟು ಸ್ಥಾನಗಳಲ್ಲಿ ಬಹುಪಾಲನ್ನು ಸ್ವತಂತ್ರ ನಿರ್ಮಾಪಕರಿಗೆ ಬಿಟ್ಟುಕೊಟ್ಟರು. ಆ ವರ್ಷ ಶ್ರೇಷ್ಠ ಬಹುಮಾನ ಬಂದದ್ದು ಬೇಬಿ ರೂತ್ ವಿಲ್ಲರಾಮಾ ಅವರ ‘ಸಂಡೇ ಬ್ಯೂಟಿ ಕ್ವೀನ್’ ಎಂಬ ಸಾಕ್ಷ್ಯಚಿತ್ರಕ್ಕೆ. ಹಾಂಗ್‌ಕಾಂಗಿನ ಮನೆಗಳಲ್ಲಿ ಊಳಿಗಮಾಡುವ ಫಿಲಿಪಿನೊ ಹೆಂಗಸರು ವಾರದಲ್ಲಿ ತಮಗಿರುವ ಒಂದೇ ಬಿಡುವಿನ ದಿನವಾದ ಭಾನುವಾರದಂದು ತಾವೇ ಒಂದು ಸೌಂದರ್ಯಸ್ಪರ್ಧೆಯನ್ನು ನಡೆಸಿಕೊಳ್ಳುತ್ತಾರೆ. ಆರು ದಿನ ಪರರ ಮನೆಯ ನೆಲ ಒರಸಿದವಳು ಏಳನೆಯ ದಿನ ಕಿರೀಟ ಧರಿಸುತ್ತಾಳೆ. ಪರಸ್ಥಳದಲ್ಲಿ ಬಾಳುವವರ ಭಾನುವಾರವೆಂದರೆ ಏನೆಂಬುದನ್ನು ಇಷ್ಟು ಮರ್ಯಾದೆಯಿಂದ ಹೇಳಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ. ಆದರೆ ಆ ವರ್ಷದ ಉತ್ಸವದ ಗಳಿಕೆ ತೀರ ಇಳಿಯಿತು. ಹೊರಗುಳಿದ ಹಾಸ್ಯಚಿತ್ರಗಳು ಕ್ರಿಸ್‌ಮಸ್‌ಗೆ ಮುಂಚೆಯೇ ಬಿಡುಗಡೆಯಾಗಿ ತಮ್ಮ ಜನವನ್ನು ತಾವು ಸೆಳೆದುಕೊಂಡಿದ್ದವು. ಮರುವರ್ಷದಿಂದ ಆಯ್ಕೆಯಲ್ಲಿ ವ್ಯಾಪಾರದ ಲೆಕ್ಕಾಚಾರಕ್ಕೆ ಮತ್ತೆ ಸ್ಥಾನ ದೊರೆಯಿತು. ೨೦೨೩ರ ಉತ್ಸವದ ಒಟ್ಟು ಗಳಿಕೆಯಂತೂ ನೂರು ಕೋಟಿ ಪೆಸೊಗಳನ್ನು ಮೀರಿತು.

ಮನಿಲಾದ ಅನುಭವದಿಂದ ಎರಡು ಪಾಠಗಳು ಹೊರಡುತ್ತವೆ. ಬಾಗಿಲು ಮುಚ್ಚಿದ್ದರಿಂದ ಚಿತ್ರಗಳಿಗೆ ಬದುಕು ಬಂದಿತು, ಗುಣ ತಾನಾಗಿ ಬರಲಿಲ್ಲ ಎಂಬುದು ಮೊದಲನೆಯದು. ಗುಣವನ್ನು ಮಾತ್ರ ಹಿಡಿದಾಗ ಜನರು ದೂರ ನಿಂತರು ಎಂಬುದು ಎರಡನೆಯದು. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಈ ಏಳುಬೀಳುಗಳ ನಡುವೆಯೂ ಬದಲಾಗದೆ ಉಳಿದದ್ದು ಒಂದಿದೆ: ಕ್ರಿಸ್‌ಮಸ್ ದಿನ ಕುಟುಂಬಸಮೇತ ತಮ್ಮ ಭಾಷೆಯ ಚಿತ್ರಕ್ಕೆ ಹೋಗುವ ಅಭ್ಯಾಸ. ‘ಹಿಮಾಲಾ’ವನ್ನು ಜನರ ಮುಂದೆ ತಂದದ್ದು ಅದೇ ಅಭ್ಯಾಸ, ಭೂತಕಥೆಗಳ ಮಾಲೆಯನ್ನು ಬೆಳೆಸಿದ್ದೂ ಅದೇ. ಉತ್ಸವದ ಮುಖ್ಯಬಲವು ನಿಷೇಧದಲ್ಲಿಲ್ಲ, ದಿನದಲ್ಲಿದೆ ಎಂಬ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮನೆಗೆ ಬರೋಣ.

೪

ಕನ್ನಡ ಚಿತ್ರವು ಹುಟ್ಟಿದ್ದೇ ಪರಸ್ಥಳದಲ್ಲಿ. ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಅನಂತರ ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಚಿತ್ರಗಳಲ್ಲಿ ಬಹುಭಾಗ ಮದರಾಸಿನ ಸ್ಟುಡಿಯೋಗಳಲ್ಲಿ ಬಾಡಿಗೆಯ ಮನೆಯ ಸಂಸಾರವನ್ನು ನಡೆಸಿದವು. ೧೯೬೦ರ ದಶಕದ ಉತ್ತರಾರ್ಧದಲ್ಲಿ ಮೈಸೂರು ಸರಕಾರವು ರಾಜ್ಯದಲ್ಲಿ ತಯಾರಾದ ಕನ್ನಡ ಚಿತ್ರಗಳಿಗೆ ಸಹಾಯಧನವನ್ನೂ ರಾಜ್ಯಪ್ರಶಸ್ತಿಗಳನ್ನೂ ಕೊಡಲಾರಂಭಿಸಿದ ಮೇಲೆ ಆ ಸಂಸಾರ ನಿಧಾನವಾಗಿ ಊರಿಗೆ ಮರಳಿತು. ಹೀಗೆ ಊರಿಗೆ ಮರಳಿದವನಿಗೆ ತನ್ನ ಮನೆಯ ಬಾಗಿಲನ್ನು ಭದ್ರಪಡಿಸುವ ಆತುರವಿರುವುದು ಸಹಜ. ಡಬ್ಬಿಂಗ್ ಚಿತ್ರಗಳಿಗೆ ಚಿತ್ರೋದ್ಯಮವು ದಶಕಗಳ ಕಾಲ ಹಾಕಿದ್ದ ಅಡ್ಡಿ ಅಂಥ ಒಂದು ಅಗುಳಿ. ಅನ್ಯಭಾಷೆಯ ಹೊಸ ಚಿತ್ರಗಳು ಏಳು ವಾರ ಕಾದು ಬರಬೇಕೆಂದು ೨೦೦೪ರಲ್ಲಿ ಹೊರಡಿಸಿದ ಕಟ್ಟಳೆ ಇನ್ನೊಂದು. ಏಳು ವಾರದ ಕಟ್ಟಳೆ ಬಹುಕಾಲ ನಿಲ್ಲಲಿಲ್ಲ. ಡಬ್ಬಿಂಗಿನ ಅಡ್ಡಿಯನ್ನು ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಕ್ರಮವೆಂದು ತೀರ್ಮಾನಿಸಿತು. ಇವುಗಳ ಹಿಂದೆ ಇದ್ದ ಭಯ ಸುಳ್ಳೆಂದು ನಾನು ಹೇಳಲಾರೆ. ರಾಜಧಾನಿಯ ಚಿತ್ರಮಂದಿರಗಳಲ್ಲಿ ನಾಲ್ಕು ಅನ್ಯಭಾಷೆಗಳ ನಡುವೆ ತನ್ನ ಭಾಷೆಗೆ ಎಡೆ ಹುಡುಕಬೇಕಾದ ದುಃಸ್ಥಿತಿ ಬೆಂಗಳೂರಿನ ಕನ್ನಡಿಗನಿಗೆ ಬಂದಂತೆ ಇತರರಿಗೆ ಬಂದದ್ದು ವಿರಳ. ಆದರೂ ಮನಿಲಾದಲ್ಲಿ ಕಂಡುಬಂದ ಸಂಗತಿಯೇ ಇಲ್ಲಿಯೂ ಕಂಡುಬಂದಿತು. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅನ್ಯಭಾಷೆಯ ಚಿತ್ರಗಳು ಬರುವುದೇನೋ ತಪ್ಪಿತು. ಅವುಗಳ ಕಥೆಗಳು ಮಾತ್ರ ರೀಮೇಕ್ ರೂಪದಲ್ಲಿ ಹಿತ್ತಲ ಬಾಗಿಲಿನಿಂದ ಬರುತ್ತಲೇ ಇದ್ದವು.

ಇದು ರಕ್ಷಣೆಯ ಮಾರ್ಗ. ಗೌರವದ ಮಾರ್ಗ ಇದಕ್ಕಿಂತ ಬೇರೆ. ಅದರ ಕೇಂದ್ರ ನಮ್ಮ ದಿಲ್ಲಿಯೇ. ೧೯೫೪ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರದ ಮನ್ನಣೆ ಕನ್ನಡಕ್ಕೆ ಆರು ಸಲ ಬಂದಿದೆ: ೧೯೭೦ರ ‘ಸಂಸ್ಕಾರ’, ೧೯೭೫ರ ‘ಚೋಮನ ದುಡಿ’, ೧೯೭೭ರ ‘ಘಟಶ್ರಾದ್ಧ’, ೧೯೮೬ರ ‘ತಬರನ ಕಥೆ’, ೧೯೯೭ರ ‘ತಾಯಿ ಸಾಹೇಬ’, ೨೦೦೧ರ ‘ದ್ವೀಪ’. ಈ ಆರರಲ್ಲಿ ಕೊನೆಯ ನಾಲ್ಕನ್ನು ದಿಗ್ದರ್ಶಿಸಿದವರು ಗಿರೀಶ ಕಾಸರವಳ್ಳಿಯವರೊಬ್ಬರೇ. ಇಷ್ಟು ಸಂಪತ್ತುಳ್ಳ ಭಾಷೆಗೆ ಕೊರತೆ ಯಾವುದೆಂದು ಹೊರಗಿನವರು ಕೇಳಬಹುದು. ಕೊರತೆ ಇಷ್ಟೇ: ಈ ಆರರಲ್ಲಿ ಮೂರನ್ನಾದರೂ ಚಿತ್ರಮಂದಿರದ ತೆರೆಯ ಮೇಲೆ ನೋಡಿದವರೆಷ್ಟು ಮಂದಿ ಎಂದು ನಮ್ಮ ಸಂಘದ ಒಂದು ಸಭೆಯಲ್ಲಿ ಕೇಳಿದರೆ ಎತ್ತುವ ಕೈಗಳನ್ನು ಎಣಿಸಲು ಲೆಕ್ಕಿಗನೇ ಬೇಕಿಲ್ಲ. ಇದು ಮೂಲಮೂರ್ತಿಯ ಪೂಜೆ. ಪ್ರಶಸ್ತಿಯಾಯಿತು, ಪತ್ರಿಕೆಯಲ್ಲಿ ವಾರ್ತೆಯಾಯಿತು, ಬಾಗಿಲು ಹಾಕಿಯಾಯಿತು.

‘ಘಟಶ್ರಾದ್ಧ’ವನ್ನೇ ನೋಡಿ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ವಿಧವೆ ಯಮುನೆಯ ಪತನವನ್ನು ನಾವು ಕಾಣುವುದು ವೇದ ಕಲಿಯಲು ಬಂದ ನಾಣಿಯೆಂಬ ಹುಡುಗನ ಕಣ್ಣಿನಿಂದ. ಹುಡುಗನಿಗೆ ಎಲ್ಲವೂ ಕಾಣುತ್ತದೆ, ಎಲ್ಲವೂ ತಿಳಿಯುವುದಿಲ್ಲ. ನೋಡುವ ನಮಗೆ ಎಲ್ಲವೂ ತಿಳಿಯುತ್ತದೆ, ಮಾಡಲು ಏನೂ ಇರುವುದಿಲ್ಲ. ‘ಇನ್ಸಿಯಾಂಗ್’ ಚಿತ್ರದ ಕೊಳೆಗೇರಿಗೂ ಈ ಮಲೆನಾಡಿನ ಅಗ್ರಹಾರಕ್ಕೂ ಹೊರನೋಟದಲ್ಲಿ ಯಾವ ಸಾಮ್ಯವೂ ಇಲ್ಲ. ಆದರೆ ಎರಡರಲ್ಲಿಯೂ ಒಬ್ಬ ಹೆಣ್ಣಿನ ಸುತ್ತ ನೆರೆಯವರ ಕಣ್ಣುಗಳೇ ಗೋಡೆಯಾಗಿ ನಿಲ್ಲುತ್ತವೆ. ಬ್ರೋಕಾ ಆ ಗೋಡೆಯನ್ನು ಕಿರುಚಾಟ ನೂಕಾಟಗಳಿಂದ ಕಟ್ಟಿದರೆ ಕಾಸರವಳ್ಳಿಯವರು ಮೌನದಿಂದ ಕಟ್ಟುತ್ತಾರೆ. ಎರಡನ್ನೂ ವಿಶ್ವದ ಅಮೂಲ್ಯ ಚಿತ್ರಗಳೆಂದೆಣಿಸಿ ಒಂದೇ ಪ್ರತಿಷ್ಠಾನದ ಯೋಜನೆಯವರು ಜೀರ್ಣೋದ್ಧಾರ ಮಾಡಿದ್ದಾರೆ. ‘ಇನ್ಸಿಯಾಂಗ್’ ೨೦೧೫ರಲ್ಲಿ ಕಾನ್ ನಗರದಲ್ಲಿ, ‘ಘಟಶ್ರಾದ್ಧ’ ೨೦೨೪ರಲ್ಲಿ ವೆನಿಸ್ ನಗರದಲ್ಲಿ ಹೊಸ ಮೆರುಗಿನಿಂದ ಪ್ರದರ್ಶಿತವಾದವು. ಹೀಗೆ ಬೆಳಗಿದ ಮೂರ್ತಿ ವೆನಿಸಿನ ಕಾಲುವೆಗಳವರೆಗೆ ಹೋಗಿಬಂದಿರುವಾಗ ರಾಮಕೃಷ್ಣಪುರದ ರಸ್ತೆಗೆ ಬರುವುದು ಕಷ್ಟವೇ?

ಬೆಂಗಳೂರಿನಲ್ಲಿ ೨೦೦೬ರಲ್ಲಿ ಮೊದಲಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕನ್ನಡ ಚಿತ್ರಗಳಿಗೆಂದೇ ಒಂದು ಸ್ಪರ್ಧಾವಿಭಾಗವಿದೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಈ ಉತ್ಸವವು ಯುವಕರಾದ ಅನೇಕ ನಿರ್ದೇಶಕರಿಗೆ ನೆಲೆ ಕೊಟ್ಟಿರುವುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಆದರೂ ಅದು ಮುಖ್ಯವಾಗಿ ಪ್ರತಿನಿಧಿಪತ್ರ ಪಡೆದವರ ಉತ್ಸವ. ಒಂದೇ ದಿನದಲ್ಲಿ ನಾಲ್ಕು ಖಂಡಗಳ ನಾಲ್ಕು ಚಿತ್ರಗಳನ್ನು ನೋಡಬಲ್ಲ ಉತ್ಸಾಹಿಗಳು ಅಲ್ಲಿ ಸೇರುತ್ತಾರೆ. ಹಬ್ಬದ ಊಟ ಮುಗಿಸಿ ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಬರುವ ಸಂಸಾರಿ ಅಲ್ಲಿ ಕಾಣುವುದಿಲ್ಲ. ದಿಲ್ಲಿಯಲ್ಲಿ ಇಂಡಿಯಾ ಹ್ಯಾಬಿಟಾಟ್ ಸೆಂಟರಿನವರ ವಾರ್ಷಿಕ ಚಿತ್ರೋತ್ಸವದಲ್ಲಿ ಭಾರತೀಯ ಭಾಷೆಗಳ ಉತ್ತಮ ಚಿತ್ರಗಳನ್ನು ತೋರಿಸುವ ಸತ್ಸಂಪ್ರದಾಯವಿದೆ. ಅಲ್ಲಿ ಕನ್ನಡವು ಹಲವು ಅತಿಥಿಗಳಲ್ಲಿ ಒಬ್ಬ ಅತಿಥಿ. ಅತಿಥಿಯ ಸ್ಥಾನ ಗೌರವದ್ದೇ. ಆದರೆ ಅತಿಥಿ ತನ್ನ ಹಬ್ಬವನ್ನು ಪರರ ಮನೆಯಲ್ಲಿ ಮಾಡಲಾರ.

೫

ಸ್ವಂತ ಅನುಭವವೊಂದನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ೨೦೨೨ರ ಶರತ್ಕಾಲದ ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಗುರುಗ್ರಾಮದ ಒಂದು ಚಿತ್ರಮಂದಿರದಲ್ಲಿ ಕನ್ನಡ ಚಿತ್ರವೊಂದರ ಒಂದೇ ಒಂದು ಪ್ರದರ್ಶನವಿದೆಯೆಂದು ತಿಳಿದು ನಾಲ್ಕು ಟಿಕೀಟುಗಳನ್ನು ಮುಂಗಡವಾಗಿ ಕೊಂಡಿದ್ದೆ. ಮೆಟ್ರೊ ಹಿಡಿದು ಮನೆಮಂದಿಯೆಲ್ಲ ಹೋಗಿ ನೋಡಿದರೆ, ಸಾಕಷ್ಟು ಟಿಕೀಟುಗಳು ಮಾರಾಟವಾಗದ ಕಾರಣ ಪ್ರದರ್ಶನವನ್ನು ರದ್ದುಮಾಡಿದ್ದರು. ಹಣವೇನೋ ಲೆಕ್ಕಕ್ಕೆ ಸರಿಯಾಗಿ ಹಿಂದಿರುಗಿತು. ಕಿಟಕಿಯಲ್ಲಿದ್ದ ಹುಡುಗ ಮರುಕಗೊಂಡು, “ಸಂಜೆ ‘ಕಾಂತಾರ’ ಇದೆ ಸರ್, ನೋಡಿ, ಅದೂ ನಿಮ್ಮ ಕಡೆಯದೇ” ಎಂದು ಹಿಂದಿಯಲ್ಲಿ ಹೇಳಿದ. ಸೆಪ್ಟೆಂಬರ್ ೩೦ರಂದು ಕನ್ನಡದಲ್ಲಿ ಬಿಡುಗಡೆಯಾಗಿದ್ದ ಆ ಚಿತ್ರ ಅಕ್ಟೋಬರ್ ೧೪ರಿಂದ ಹಿಂದಿಯ ಧ್ವನಿಯಲ್ಲಿ ಉತ್ತರಭಾರತವನ್ನೆಲ್ಲ ಸುತ್ತುತ್ತಿತ್ತು. ಸಂಜೆ ಅದನ್ನೇ ನೋಡಿದೆವು. ಮಂದಿರ ತುಂಬಿತ್ತು. ಹಿಂದಿರುಗುವಾಗ ಹನ್ನೆರಡು ವರ್ಷದ ನನ್ನ ಮಗಳು, “ಅಪ್ಪಾ, ಇದು ಕನ್ನಡ ಸಿನಿಮಾ ಅಂತೀರಿ, ಒಂದು ಮಾತೂ ಕನ್ನಡ ಇರ್ಲಿಲ್ವಲ್ಲ?” ಎಂದಳು. ನನಗೆ ತಕ್ಷಣ ಉತ್ತರ ತೋಚಲಿಲ್ಲ.

ಕನ್ನಡ ಚಿತ್ರವು ಹೀಗೆ ದೇಶವನ್ನೆಲ್ಲ ಗೆದ್ದದ್ದಕ್ಕೆ ಹೆಮ್ಮೆಪಡದವರು ಯಾರು? ಆದರೆ ಗೆದ್ದು ಬಂದ ಮೂರ್ತಿಗೆ ನಾಲಗೆಯಿರಲಿಲ್ಲ. ಕರಾವಳಿಯ ಊರವರ ಮಾತಿಗೂ ಹೊರಗಿನಿಂದ ಬಂದ ಅರಣ್ಯಾಧಿಕಾರಿಯ ಮಾತಿಗೂ ಮೂಲದಲ್ಲಿರುವ ಅಂತರವೇ ಆ ಕಥೆಯ ಅರ್ಧ ಜಗಳ. ಎಲ್ಲರೂ ಒಂದೇ ಹಿಂದಿಯನ್ನು ಆಡತೊಡಗಿದ ಕೂಡಲೆ ಜಗಳವು ಕೇವಲ ಭೂಮಿಯದಾಗಿ ಉಳಿಯುತ್ತದೆ. ೨೦೧೫ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಬಹುಮಾನಿತವಾದ ‘ತಿಥಿ’ಯಿಂದ ಮಂಡ್ಯ ಸೀಮೆಯ ಮಾತನ್ನು ತೆಗೆದುಬಿಟ್ಟರೆ ಉಳಿಯುವುದು ಏನು? ನಟರಲ್ಲದ ಹಳ್ಳಿಗರ ಬಾಯಲ್ಲಿ ಆ ಮಾತು ಬರುವ ರೀತಿಯೇ ಅಲ್ಲಿ ಪಾತ್ರಸೃಷ್ಟಿ.

ಇಲ್ಲಿ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಬೆಂಗಳೂರಿನಲ್ಲಿ ನಾವು ಬಾಗಿಲು ಮುಚ್ಚಬೇಕೆನ್ನುವವರು. ದಿಲ್ಲಿಯಲ್ಲಿ ನಾವು ಬಾಗಿಲು ತಟ್ಟುವವರು. ಅಲ್ಲಿ ಅನ್ಯಭಾಷೆಯ ಚಿತ್ರಕ್ಕೆ ಇಷ್ಟು ತೆರೆಗಳೇಕೆ ಎಂದು ಕೇಳುವ ಬಾಯಿಯಿಂದಲೇ ಇಲ್ಲಿ ನಮಗೊಂದು ತೆರೆಯನ್ನು ಏಕೆ ಕೊಡುವುದಿಲ್ಲವೆಂದು ಕೇಳುತ್ತೇವೆ. ಎರಡು ಕೇಳಿಕೆಗಳೂ ಪ್ರಾಮಾಣಿಕವಾದವೇ. ಆದರೆ ಒಂದೇ ತತ್ತ್ವವನ್ನು ಹಿಡಿದು ಎರಡನ್ನೂ ಸಮರ್ಥಿಸಲಾಗದು. ಪರಸ್ಥಳದಲ್ಲಿ ಬಾಳುವವನು ಇತರರ ತೆರೆದ ಬಾಗಿಲಿನಿಂದ ಜೀವಿಸುತ್ತಾನೆ. ಆದಕಾರಣ ಮನಿಲಾದವರಿಂದ ನಾವು ಪಡೆಯಬೇಕಾದುದು ಅವರ ನಿಷೇಧವನ್ನಲ್ಲ. ಪಡೆಯಬೇಕಾದುದು ಅವರ ಗೊತ್ತಾದ ದಿನವನ್ನು, ಮತ್ತು ಒಂದೇ ಪಂಕ್ತಿಯಲ್ಲಿ ಗಹನವಾದುದನ್ನೂ ವಿನೋದವಾದುದನ್ನೂ ಕೂರಿಸುವ ಧೈರ್ಯವನ್ನು.

ಗೊತ್ತಾದ ದಿನದ ಶಕ್ತಿಯನ್ನು ನನ್ನ ವಯಸ್ಸಿನವರು ಬಾಲ್ಯದಲ್ಲಿಯೇ ಕಂಡಿದ್ದೇವೆ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಭಾರತೀಯ ಭಾಷೆಗಳ ಪ್ರಶಸ್ತಿವಿಜೇತ ಚಿತ್ರಗಳು ಬರುತ್ತಿದ್ದ ಕಾಲವದು. ನಮ್ಮೂರಿನ ನೆರೆಹೊರೆಯವರು ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ‘ತಬರನ ಕಥೆ’ಯನ್ನು ನೋಡಿದರು. ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಆ ಮುದುಕನನ್ನು, ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದ ನನ್ನ ತಂದೆಯವರು, ಒಂದು ಮಾತೂ ಆಡದೆ ನೋಡಿದರು. ಅಂದು ಅದನ್ನು ಯಾರೂ ‘ಕಲಾತ್ಮಕ ಚಿತ್ರ’ವೆಂದು ಕರೆಯಲಿಲ್ಲ, ಭಾನುವಾರದ ಚಿತ್ರವೆಂದು ಕರೆದರು. ಅಗ್ಗದ ಪೆಟ್ಟಿಗೆಯೊಂದರಲ್ಲಿ ಉತ್ಸವಮೂರ್ತಿ ಬೀದಿಬೀದಿಗೂ ಬಂದಿತ್ತು.

೬

ಈ ಮೇಲ್ಕಂಡ ವಿಚಾರದಿಂದ ಒಂದು ಸೂಚನೆ ಹೊರಡುತ್ತದೆ. ದಿಲ್ಲಿ, ನೊಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದುಗಳ ಕನ್ನಡ ಸಂಸ್ಥೆಗಳು ಕೂಡಿ ವರ್ಷಕ್ಕೊಮ್ಮೆ ಕನ್ನಡ ಚಿತ್ರಗಳ ಹಬ್ಬವೊಂದನ್ನು ಏಕೆ ನಡೆಸಬಾರದು? ‘ಸತಿ ಸುಲೋಚನ’ ಬಿಡುಗಡೆಯಾದ ಮಾರ್ಚ್ ೩ ಇದಕ್ಕೆ ಉಚಿತವೆಂದು ತೋರಬಹುದು. ಆದರೆ ಮಾರ್ಚ್ ತಿಂಗಳು ಬ್ಯಾಂಕಿನವರಿಗೆ ಲೆಕ್ಕದ ತಿಂಗಳು, ಮಕ್ಕಳಿಗೆ ಪರೀಕ್ಷೆಯ ತಿಂಗಳು. ರಾಜ್ಯೋತ್ಸವದ ತಿಂಗಳಿನ ಮೂರನೆಯ ಭಾನುವಾರವೆಂದು ಗೊತ್ತುಮಾಡಿ, ಏನೇ ಬಂದರೂ ಅದನ್ನು ಬದಲಿಸದಿದ್ದರೆ ಸಾಕು. ಚಿತ್ರಗಳು ಮೂರು: ಹಳೆಯದೊಂದು, ಗಹನವಾದುದೊಂದು, ಆ ವರ್ಷ ಜನ ಮೆಚ್ಚಿದುದೊಂದು; ಮೂರೂ ಕನ್ನಡದ ಧ್ವನಿಯಲ್ಲಿ, ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಅಡಿಬರಹಗಳೊಡನೆ. ಅಡಿಬರಹ ನಮ್ಮ ಮಕ್ಕಳಿಗೆ ಊರುಗೋಲು, ನೆರೆಯ ಪಂಜಾಬಿ ಬಂಗಾಳಿ ಮಿತ್ರರಿಗೆ ಆಮಂತ್ರಣ. ಸನ್ಮಾನ, ಹಾರ, ಭಾಷಣಗಳನ್ನು ಅಂದು ದೂರವಿಡುವುದು ಮೇಲು. ಬಹುಮಾನಗಳೂ ಬೇಡ, ಅವುಗಳಿಗೆ ಬೇರೆ ಗುಡಿಗಳಿವೆ.

ಮೊದಲ ವರ್ಷ ಅರ್ಧ ಆಸನಗಳು ಖಾಲಿಯಿದ್ದರೆ ಅಚ್ಚರಿಪಡಬೇಕಾದುದಿಲ್ಲ. ಅಭ್ಯಾಸವು ಒಂದು ವರ್ಷದಲ್ಲಿ ಬೆಳೆಯುವ ಗಿಡವಲ್ಲ. ಮನಿಲಾದವರಿಗೂ ಅದು ದಶಕಗಳ ಕೆಲಸವಾಯಿತು. ಎರಡನೆಯ ವರ್ಷವೂ ಅದೇ ಭಾನುವಾರ ಬಾಗಿಲು ತೆರೆದಿರಬೇಕೆಂಬುದಷ್ಟೇ ಮುಖ್ಯ. ಅಂದು ‘ಘಟಶ್ರಾದ್ಧ’ವನ್ನು ಹಾಕಿದರೆ ನನ್ನ ಮಗಳು ಯಮುನೆಯ ಮಾತನ್ನು ಯಮುನೆಯ ಭಾಷೆಯಲ್ಲಿಯೇ ಕೇಳುವಳು, ಅರ್ಥವಾಗದ ಶಬ್ದಗಳನ್ನು ಮೆಟ್ರೊದಲ್ಲಿ ಹಿಂದಿರುಗುವಾಗ ಕೇಳುವಳು. ಆ ಪ್ರಶ್ನೆಗಳಿಗಾದರೋ ನನ್ನಲ್ಲಿ ಉತ್ತರಗಳಿವೆ. ಈ ಸೂಚನೆಯ ಸಾಧಕಬಾಧಕಗಳನ್ನು ಸಂಘದ ಹಿರಿಯರೂ ವಾಚಕ ಮಹಾಶಯರೂ ಪರ್ಯಾಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.